ಕಾಡಿಗೆ ಹಚ್ಚದವನ ಕಣ್ಣು

ಮಂಚೇನಹಳ್ಳಿಯ ಆಚೆ, ತೆನೆಗಾರ ಸೀಡ್ಸ್ ಕಂಪನಿಯ ಮುಸುಕಿನ ಜೋಳದ ಹೊಲದಲ್ಲಿ ತೆನೆ ಮುರಿಯಲು ಹೋದ ನಾಲ್ವರು ಕೂಲಿ ಹೆಂಗಸರ ಒಂದೊಂದು ಕಣ್ಣು ಹೋಯಿತು. ಕಂಪನಿಯೇ ನೇಮಿಸಿದ ಸಮಿತಿ ಅವರನ್ನು ವಿಚಾರಿಸಿ ಕಾರಣ ಬರೆಯಿತು: ಹೆಂಗಸರು ಕೊಳಕು ಕಾಡಿಗೆ ಹಚ್ಚಿಕೊಳ್ಳುತ್ತಿದ್ದರು.

ಅದು ಹಿಂದಿನ ಬೆಳೆಯ ಮಾತು. ಈ ಬೆಳೆಯಲ್ಲಿ ಅದೇ ಹೊಲಕ್ಕೆ ಹೋದ ಮಾಲಾಳ ಸರದಿ. ಅವಳ ಕಣ್ಣು ಇನ್ನೂ ಇತ್ತು.

"ನೀವೂ ಹಚ್ಕೊಂಡಿದ್ರಾ ಅಣ್ಣ?" ತನುಜ ಕೇಳಿದಳು.

"ಏನನ್ನ?"

"ಕಾಡಿಗೆ."

ಗಂಗುಲಪ್ಪ ಉಳಿದ ಒಂದು ಕಣ್ಣಿನಲ್ಲಿ ಅವಳನ್ನು ದಿಟ್ಟಿಸಿದ. ಇನ್ನೊಂದರ ಜಾಗದಲ್ಲಿ ರೆಪ್ಪೆ ಒಳಕ್ಕೆ ಕುಸಿದಿತ್ತು. ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಕದಿರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅರವತ್ತು ದಾಟಿದ ಮೇಲೆ ಕಾಡಿಗೆ ಹಚ್ಕೊಂಡು ಯಾರನ್ನ ನೋಡಕ್ಕೋಗ್ಲಮ್ಮ ನಾನು?"

"ನೋಡೋ ಆಸೆ ಇತ್ತೇನೋ, ಯಾರಿಗ್ಗೊತ್ತು," ಅಂದಳು ಕದಿರಮ್ಮ.

"ಮತ್ತೆ ಈಗ ತಾನೇ ಅಂದ್ರಲ್ಲ, ಕಾಡಿಗೆ ಕಡ್ಡಿಯಿಂದ ಹೋಯ್ತು ಅಂತ."

"ಹೂಂ. ಕಡ್ಡಿಯಿಂದಾನೇ ಹೋಯ್ತು. ಕಾಡಿಗೆಯಿಂದ ಅಂದ್ನಾ?"

ತನುಜಳ ಕೈಯಲ್ಲಿದ್ದ ಟೀ ಲೋಟ ತುಟಿಯ ಹತ್ತಿರವೇ ನಿಂತಿತು.

ಅವಳು ಚಿಂತಾಮಣಿಯಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪತ್ತೇದಾರಿಕೆ ನಡೆಸುವವಳು. ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಮದುವೆಯದ್ದು. ಹುಡುಗ ಕುಡಿಯುತ್ತಾನಾ, ಹುಡುಗಿಯ ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದಾರಾ, ಜಾತಿ ಹೇಳಿದ್ದೇನಾ ಅಲ್ಲವಾ. ಈ ಕೆಲಸ ಕೊಟ್ಟವರು ಮಾತ್ರ ಕಣ್ಣು ಕಳೆದುಕೊಂಡ ಹೆಂಗಸರು. ಮಾಲಾ ಆಸ್ಪತ್ರೆ ಸೇರಿದ ದಿನವೇ ಬಂದು ತನುಜಳ ಕೋಣೆಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು.

ಮಾಲಾ ಕೂಡ ಹಾಸಿಗೆಯ ಮೇಲಿಂದ ಅದನ್ನೇ ಹೇಳಿದ್ದಳು: "ಕಾಡಿಗೆ ಕಡ್ಡಿ ಅಕ್ಕ." ತನುಜ ತಲೆಯಾಡಿಸಿದ್ದಳು. ಸಮಿತಿಯವರೂ ಹಾಗೇ ತಲೆಯಾಡಿಸಿರಬೇಕು.

"ಯಾವ ಕಡ್ಡಿ ಅಣ್ಣ ಅದು? ಬಿಡಿಸಿ ಹೇಳಿ."

"ಗಿಡದ ಬುಡಕ್ಕೆ ಚುಚ್ಚಿರ್ತಾರಲ್ಲಮ್ಮ. ಕರ್ರಗೆ. ಊಟ ಆದ ಮೇಲೆ ಹಲ್ಲು ಕೆದಕ್ತಾರಲ್ಲ, ಆ ಥರದ್ದು. ನಾವೆಲ್ಲ ಕಾಟುಕ ಪುಲ್ಲ ಅಂತೀವಿ ತೆಲುಗಲ್ಲಿ. ಕಾಟುಕ ಅಂದ್ರೆ ಕಾಡಿಗೆ, ಪುಲ್ಲ ಅಂದ್ರೆ ಕಡ್ಡಿ, ಕಾಡಿಗೆ ಮೆತ್ತಿದಂಗಿರುತ್ತೆ ಅಂತ. ಆ ಸಾಲುಗಳಿಗೂ ಅದೇ ಹೆಸರು. ಇವತ್ತು ಕಾಟುಕ ಪುಲ್ಲ ಸಾಲು ಮುರೀಬೇಕು ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ."

"ಸಮಿತಿಯೋರಿಗೆ ತೆಲುಗು ಬರಲ್ಲ ಅಂತ ಕಣ್ಣು ಹೋದ ಆ ನಾಲ್ವರಲ್ಲಿ ರಾಮಲಕ್ಷ್ಮಮ್ಮನೇ ಮುಂದೆ ನಿಂತು ಕನ್ನಡ ಮಾಡಿ ಹೇಳಿದ್ಲು," ಕದಿರಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಕಾಡಿಗೆ ಕಡ್ಡಿಯಿಂದ ಹೋಯ್ತು ಸಾರ್ ಅಂತ. ಹೂಂ ಹೂಂ ಅಂತ ಬರ್ಕೊಂಡ್ರು. ಏನು ಕಡ್ಡಿ, ಎಲ್ಲಿ ಕಡ್ಡಿ ಅಂತ ಒಬ್ರ ಬಾಯಲ್ಲೂ ಬರಲಿಲ್ಲ. ಅವರು ಶೆಡ್ಡಲ್ಲಿ ಕುರ್ಚಿ ಮೇಲೆ. ಇವರು ಆಚೆ ಬಿಸಿಲಲ್ಲಿ."

ಸಾಹೇಬರಿಗೆ ಅರ್ಥವಾಗಲಿ ಎಂದು ಕೂಲಿಯವಳು ತನ್ನ ಮಾತನ್ನು ಬಿಟ್ಟು ಅವರ ಮಾತಿನಲ್ಲಿ ಹೇಳಿದಳು. ಅವರಿಗೆ ಅರ್ಥವಾಯಿತು. ಹೆಂಗಸು, ಕೂಲಿ, ಕಾಲೊನಿಯ ಮನೆ, ಕಣ್ಣು, ಕಾಡಿಗೆ. ಬೆಂಗಳೂರಿನಲ್ಲಿ ಕಾರು ಹತ್ತುವಾಗಲೇ ಉತ್ತರ ಅವರ ತಲೆಯಲ್ಲಿ ಇತ್ತು. ಇಲ್ಲಿ ಬಂದು ಒಂದು ಪದ ಹುಡುಕಿಕೊಳ್ಳುವುದಷ್ಟೇ ಬಾಕಿ ಇತ್ತು.

"ನಿಮ್ಮನ್ನ ಯಾಕೆ ವಿಚಾರಿಸಲಿಲ್ಲ?"

"ನಾನು ಹೊಲದ ಯಜಮಾನರ ಕಡೆಯಿಂದ ನೀರು ಕಟ್ಟೋನು. ಕಂಪನಿ ಕೂಲಿ ಅಲ್ವಂತೆ. ನನ್ನ ಕಣ್ಣು ಅವರಿಗೆ ಸೇರಲ್ವಂತೆ."

ಸೇರಿಸಿಕೊಂಡಿದ್ದರೆ ಕಾಡಿಗೆಯ ಕತೆ ಅಲ್ಲೇ ಬಿದ್ದುಹೋಗುತ್ತಿತ್ತು. ಮೀಸೆ ಬಿಟ್ಟ ಗಂಡಸಿಗೆ ಯಾವ ಸಮಿತಿಯೂ ಕಾಡಿಗೆ ಹಚ್ಚಲಾರದು.

"ಹೇಗಾಯ್ತು ನಿಮಗೆ?"

"ಕಾಲುವೆಗೆ ಗಿಡ ಅಡ್ಡ ಬಿದ್ದಿತ್ತು. ಹಿಡಿದು ಎಳೆದೆ. ಕಡ್ಡಿ ಚುಚ್ಚಿದ ಕಡೆ ಪಟಕ್ಕನೆ ಮುರೀತು. ಒಳಗಿಂದ ಮಸಿ ಥರ ಪುಡಿ ಹಾರ್ತು, ಎಲೆ ಅಂಚು ಕಣ್ಣು ಗೀರ್ತು. ನೀರಲ್ಲಿ ತೊಳ್ಕೊಂಡೆ. ಏನೋ ಧೂಳು ಅನ್ಕೊಂಡೆ." ಗಂಗುಲಪ್ಪ ಕುಸಿದ ರೆಪ್ಪೆಯನ್ನು ಒರೆಸಿಕೊಂಡ. ಆಮೇಲೆ, "ಆ ಹುಡುಗೀದು ಹೆಂಗಿದೆಯಮ್ಮ?" ಎಂದ.

ತನುಜ ನಿಜ ಹೇಳಿದಳು. ಅವತ್ತು ಬೆಳಗ್ಗೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಪದ್ಮಶ್ರೀ ಸುತ್ತಿ ಬಳಸದೆ ಹೇಳಿದ್ದರು: ಕಣ್ಣಲ್ಲಿ ಬೂಷ್ಟು ಬೆಳೀತಿದೆ. ಹಾಕ್ತಿರೋ ಡ್ರಾಪ್ಸ್‌ಗೆ ಅದು ಬಗ್ತಾ ಇಲ್ಲ. ಯಾವ ಬೂಷ್ಟು, ಯಾವ ಔಷಧಿಗೆ ಸಾಯುತ್ತೆ ಅಂತ ಲ್ಯಾಬಲ್ಲಿ ಬೆಳೆಸಿ ನೋಡೋಷ್ಟರಲ್ಲಿ ಕಣ್ಣಿರಲ್ಲ. ನಾಳೆ ಬೆಳಗ್ಗೆಯೊಳಗೆ ಗೊತ್ತಾದ್ರೆ ಉಳಿಸೋಕೆ ನೋಡ್ತೀನಿ. ಇಲ್ಲದಿದ್ರೆ ಕಣ್ಣು ತೆಗೀಲೇಬೇಕು, ಬಿಟ್ರೆ ಒಳಕ್ಕೆ ಹೋಗುತ್ತೆ.

"ಹೆಸರು ಸಿಕ್ಕಿದ್ರೆ ಉಳಿಯೋದು ಗ್ಯಾರಂಟಿನಾ?" ತನುಜ ಕೇಳಿದ್ದಳು.

"ಗ್ಯಾರಂಟಿ ಇಲ್ಲ. ಸಿಗದಿದ್ರೆ ಹೋಗೋದು ಗ್ಯಾರಂಟಿ," ಅಂದಿದ್ದರು ಪದ್ಮಶ್ರೀ.

ಬಾಗಿಲಿಗೆ ಒರಗಿ ನಿಂತಿದ್ದ ಆವುಲಪ್ಪ ಗಂಟಲು ಸರಿಮಾಡಿಕೊಂಡ. ಹೆಂಗಸರನ್ನು ದಿನಾ ತನ್ನ ಟೆಂಪೋದಲ್ಲಿ ಆ ಹೊಲಕ್ಕೆ ಬಿಟ್ಟು ಬರುತ್ತಿದ್ದವನು ಅವನೇ. ಗಂಗುಲಪ್ಪನ ಮನೆ ತೋರಿಸಿದವನೂ ಅವನೇ.

"ಮಾತಾಡ್ತಾ ಕೂತ್ರೆ ಆಗಲ್ಲಮ್ಮ. ತೆನೆ ಮುರಿದಾಗಿದೆ, ದಂಟು ಮಾತ್ರ ನಿಂತಿದೆ. ಇವತ್ತು ರೋಟವೇಟರ್ ಹೊಡೆಸಿ ಎಲ್ಲಾ ಮಣ್ಣಿಗೆ ಸೇರಿಸ್ತಾರಂತೆ. ಟ್ರಾಕ್ಟರ್ ನಮ್ಮೆದುರಿಗೇ ಹೋಯ್ತಲ್ಲ, ನೋಡಲಿಲ್ವಾ?"

ತನುಜ ಲೋಟ ಕೆಳಗಿಟ್ಟಳು.

*

ಹೊಲದ ಒಂದು ಮಗ್ಗುಲು ಆಗಲೇ ಪುಡಿಯಾಗಿ ಮಣ್ಣಿಗೆ ಸೇರಿತ್ತು. ಹೊಂಗೆ ಮರದ ಕೆಳಗೆ ಟ್ರಾಕ್ಟರ್ ನಿಂತಿತ್ತು. ಡ್ರೈವರ್ ಬುತ್ತಿ ಬಿಚ್ಚಿದ್ದ. ಹಸಿರು ನೆಟ್ಟಿನ ಬೇಲಿ ಒಂದು ಕಡೆ ಹರಿದಿತ್ತು.

ತನುಜ ಸ್ಕೂಟರಿನಿಂದ ಇಳಿದವಳು ಹೆಲ್ಮೆಟ್ ತೆಗೆಯಲಿಲ್ಲ. ಗಾಜನ್ನು ಗದ್ದದವರೆಗೆ ಇಳಿಸಿಕೊಂಡಳು.

"ಹೆಲ್ಮೆಟ್ ಹಾಕ್ಕೊಂಡು ಜೋಳದ ಹೊಲಕ್ಕೆ ಇಳಿಯೋ ಮೊದಲನೇ ಹೆಂಗಸು ನೀನೇ ಕಣಮ್ಮ," ಹಿಂದೆಯೇ ಟೆಂಪೋ ತಂದ ಆವುಲಪ್ಪ ಅಂದ.

"ಅವರಿಗೂ ಒಂದೊಂದು ಕೊಟ್ಟಿದ್ರೆ ನಾನು ಚಿಂತಾಮಣಿಯಲ್ಲಿ ಗಂಡು ವಿಚಾರಿಸ್ತಾ ಇರ್ತಿದ್ದೆ."

ಮೊದಲ ಸಾಲಿನಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯ ಸಾಲಿನ ತಲೆಯಲ್ಲಿ ಕೆಂಪು ಬಣ್ಣ ಬಳಿದ ಗೂಟವಿತ್ತು. ತನುಜ ಅಲ್ಲಿ ಮಂಡಿಯೂರಿದಳು.

ಬುಡದಿಂದ ಎರಡನೆಯ ಗೆಣ್ಣಿನ ಮೇಲೆ, ದಂಟಿನಲ್ಲಿ ಒಂದು ಕಪ್ಪು ಚುಕ್ಕೆ. ಉಗುರಿಗೆ ಸಿಗಲಿಲ್ಲ. ಕೀ ಗೊಂಚಲಿನ ಚಾಕುವಿನಿಂದ ದಂಟನ್ನು ಉದ್ದಕ್ಕೆ ಸೀಳಿದಳು. ಒಳಗಿನ ತಿರುಳು ಕರಗಿಹೋಗಿ ಬರೀ ನಾರಿನ ಎಳೆಗಳು ಉಳಿದಿದ್ದವು. ಎಳೆಗಳ ತುಂಬ ಅರೆದ ಇದ್ದಲಿನಂಥ ಪುಡಿ. ನಡುವೆ ಅಡ್ಡಲಾಗಿ ಒಂದು ಹಲ್ಲುಕಡ್ಡಿ, ಸುಟ್ಟಷ್ಟು ಕಪ್ಪಗೆ.

ಪಕ್ಕದ ಗಿಡದಲ್ಲೂ ಅದೇ ಎತ್ತರದಲ್ಲಿ ಚುಕ್ಕೆ. ಅದರ ಪಕ್ಕದ್ದರಲ್ಲೂ. ಸಾಲಿನ ಕೊನೆಯವರೆಗೂ ನೋಡುತ್ತ ಹೋದಳು. ತಾನಾಗಿ ಬಂದ ರೋಗ ಹೀಗೆ ಅಳತೆ ಹಿಡಿದು ಬರುವುದಿಲ್ಲ.

ಇನ್ನೂ ಒಂದು ವಿಚಿತ್ರ. ಕೆಂಪು ಗೂಟದ ಸಾಲುಗಳ ಎಲೆಗಳ ಮೇಲೆ ಬಿಳಿ ಕಲೆಗಳಿದ್ದವು, ಔಷಧಿ ಹೊಡೆದು ಒಣಗಿದ ಗುರುತು. ಆಚೆ, ಕಡ್ಡಿ ಚುಚ್ಚಿದ್ದರೂ ಔಷಧಿ ಕಾಣದ ಸಾಲುಗಳಲ್ಲೂ ದಂಟು ಸೀಳಿ ನೋಡಿದಳು. ಪುಡಿ ಅಲ್ಲೂ ಇತ್ತು. ಆದರೆ ಔಷಧಿ ಕುಡಿದ ಸಾಲಿನಲ್ಲೇ ಹೆಚ್ಚು ದಟ್ಟವಾಗಿತ್ತು.

ಡ್ರಾಪ್ಸ್‌ಗೆ ಬಗ್ತಾ ಇಲ್ಲ, ಎಂದಿದ್ದರು ಡಾಕ್ಟರ್.

ಸೀಳಿದ ದಂಟೊಂದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದಳು.

"ಮೇಡಂ, ಅದು ಕಂಪನಿ ಜಾಗ. ಆಚೆ ಬನ್ನಿ."

*

ಮುರಳಿಮೋಹನ್ ಹೊಲದ ಬದುವಿನ ಮೇಲೆ ನಿಂತಿದ್ದ. ಕಂಪನಿಯ ಪ್ರಯೋಗದ ಹೊಲಗಳೆಲ್ಲ ಅವನ ಉಸ್ತುವಾರಿಯಲ್ಲಿದ್ದವು. ಮಂಡಿಕಲ್ ಕಡೆಯ ಜಮೀನುದಾರರ ಮನೆಯ ಹುಡುಗ, ಕೃಷಿಯಲ್ಲಿ ದೊಡ್ಡ ಓದು ಓದಿದವನು. ಮಾತು ಮೆತ್ತಗೆ. ಹಣೆಯ ಮೇಲೆ ಅಗಲವಾದ ಪಾರದರ್ಶಕ ಕನ್ನಡಕ ಏರಿಸಿಕೊಂಡಿದ್ದ. ಧೂಳಿನ ಕೆಲಸದವರು ಕಣ್ಣು ಪೂರ್ತಿ ಮುಚ್ಚುವಂತೆ ಹಾಕಿಕೊಳ್ಳುವಂಥದ್ದು.

ತನುಜ ಹೆಲ್ಮೆಟ್ ತೆಗೆದಳು. "ಕನ್ನಡಕ ಚೆನ್ನಾಗಿದೆ. ಎಷ್ಟು ಜೋಡಿ ತರಿಸಿದ್ರಿ?"

"ಸ್ಟಾಫ್‌ಗೆ ಬೇಕಾದಷ್ಟು."

"ತೆನೆ ಮುರಿದೋರು?"

"ಅವರು ಸ್ಟಾಫ್ ಅಲ್ಲ ಮೇಡಂ, ಕಾಂಟ್ರಾಕ್ಟ್." ಹೇಳಿದ ಮೇಲೆ ಅವನಿಗೇ ಅದು ಕೇಳಿಸಿತು. ಬೇರೆ ಕಡೆ ನೋಡಿದ.

ಅವಳು ಚೀಲ ಎತ್ತಿ ಹಿಡಿದಳು. "ಇದೇನು?"

"ರೋಗ ಬಂದ ದಂಟು."

"ಬಂದದ್ದೋ, ಕೊಟ್ಟದ್ದೋ?"

"ಕೊಟ್ಟದ್ದು. ಮುಚ್ಚಿಡೋಕೆ ಏನಿದೆ ಅದರಲ್ಲಿ? ರೋಗ ಕೊಟ್ಟು ನೋಡದೆ ಯಾವ ತಳಿ ತಡ್ಕೊಳ್ಳುತ್ತೆ ಅಂತ ಹೇಗೆ ಹೇಳೋದು? ಹಲ್ಲುಕಡ್ಡಿ ಮೇಲೆ ಬೂಷ್ಟು ಬೆಳೆಸಿ ಚುಚ್ಚೋದು ಹಳೇ ಪದ್ಧತಿ. ಎಲ್ಲಾ ಕಡೆ ಮಾಡ್ತಾರೆ. ನಾಳೆ ಒಳ್ಳೆ ಬೀಜ ಬಂದ್ರೆ ರೈತರಿಗೇ ತಾನೇ ಲಾಭ?"

"ಗಿಡಕ್ಕೆ ರೋಗ ಕೊಟ್ಟಿದ್ದನ್ನ ಕೇಳೋಕೆ ನಾನು ಬಂದಿಲ್ಲ. ಕೊಟ್ಟಿದ್ದೀವಿ ಅಂತ ಹೇಳದೆ ಅದರೊಳಗೆ ಹೆಂಗಸರನ್ನ ಇಳಿಸಿದ್ರಲ್ಲ, ಅದನ್ನ ಕೇಳ್ತಿದ್ದೀನಿ."

"ಅದು ಗಿಡದ ರೋಗ. ಮನುಷ್ಯರಿಗೆ ಹತ್ತೋದು ಲಕ್ಷಕ್ಕೊಬ್ಬರಿಗೆ."

"ನಿಮ್ಮ ಲಕ್ಷದಲ್ಲಿ ಐದು ಜನ ಒಂದೇ ಟೆಂಪೋದಲ್ಲಿ ಬಂದ್ರು. ಆರನೆಯವರು ನಿಮಗೆ ನೀರು ಕಟ್ಟಿದ್ರು."

ಆವುಲಪ್ಪ ಬದುವಿನ ಆಚೆ ತಲೆ ತಗ್ಗಿಸಿದ. ಟೆಂಪೋ ಅವನದು.

ಮುರಳಿಮೋಹನ್ ಕೈ ಎತ್ತಿದ. ಬುತ್ತಿ ಮುಗಿಸಿದ್ದ ಡ್ರೈವರ್ ಟ್ರಾಕ್ಟರ್ ಹತ್ತಿ ಎಂಜಿನ್ ಚಾಲೂ ಮಾಡಿದ.

"ಕೆಂಪು ಗೂಟದ ಸಾಲಿಗೆ ಔಷಧಿ ಹೊಡೆದಿದ್ದೀರಿ," ತನುಜ ದನಿ ಏರಿಸಬೇಕಾಯಿತು. "ಬೂಷ್ಟು ಸತ್ತಿಲ್ಲ. ಇನ್ನೂ ಕೊಬ್ಬಿದೆ. ಹಿಂದಿನ ಬೆಳೆಯಲ್ಲಿ ಔಷಧಿ ಕುಡಿದೂ ಸಾಯದೆ ಉಳೀತಲ್ಲ, ಅದನ್ನೇ ಎತ್ಕೊಂಡು ಈ ಬೆಳೆಯ ಕಡ್ಡಿಗೆ ಹತ್ತಿಸಿದ್ರಾ?"

ಅವನು ಹಣೆಯ ಮೇಲಿದ್ದ ಕನ್ನಡಕ ತೆಗೆದು, ಸ್ವಚ್ಛವಾಗಿದ್ದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ.

"ನಿಮ್ಮ ಫೋನು ಆ ಟ್ರಾಕ್ಟರ್ ಬಾನೆಟ್ ಮೇಲೆ ಇಡಿ ಮೇಡಂ. ನಿಮ್ಮೋರದ್ದೂ. ಆಮೇಲೆ ಮಾತಾಡಣ."

ಇಟ್ಟರು. ಎಂಜಿನ್ನಿನ ಮೇಲೆ ಎರಡೂ ಫೋನು ನಡುಗುತ್ತ ಕೂತವು.

"ಔಷಧಿಗೆ ಬಗ್ಗದ ಬೂಷ್ಟು ಎಷ್ಟು ಬೇಗ ಹುಟ್ಟುತ್ತೆ ಅಂತ ತಿಳ್ಕೊಳ್ಳೋದೂ ಪ್ರಯೋಗವೇ," ಮುರಳಿಮೋಹನ್ ಅವಳ ಕಿವಿಯ ಹತ್ತಿರ ಬಂದು ಹೇಳಿದ. "ಮಾರ್ಕೆಟ್‌ಗೆ ಔಷಧಿ ಬಿಡೋಕೆ ಮುಂಚೆ ಕಂಪನಿಗೆ ಅದು ಬೇಕು. ಕಣ್ಣಿನ ಡ್ರಾಪ್ಸೂ ಈ ಔಷಧಿಯೂ ಒಂದೇ ಕುಲ. ಅದಕ್ಕೇ ನಿಮ್ಮ ಡಾಕ್ಟ್ರದ್ದು ಕೆಲಸ ಮಾಡ್ತಿಲ್ಲ, ಆಸ್ಪತ್ರೆ ಸುದ್ದಿ ನಮಗೂ ಬಂದಿದೆ."

"ಯಾವುದಕ್ಕೆ ಸಾಯುತ್ತೆ?"

"ನಮ್ಮ ಲ್ಯಾಬಲ್ಲಿ ಎಲ್ಲಾ ಹಾಕಿ ನೋಡಿದ್ದೀವಿ. ಒಂದಕ್ಕೆ ಸಾಯುತ್ತೆ."

"ಹೆಸರು ಹೇಳಿ."

"ಒಂದು ನಿಮಿಷ."

ಅವನು ಬದುವಿನ ತುದಿಗೆ ಹೋಗಿ ತನ್ನ ಫೋನಿನಲ್ಲಿ ಯಾರೊಂದಿಗೋ ಮಾತಾಡಿದ. ಹೆಚ್ಚು ಕೇಳಿಸಿಕೊಂಡ. ಎರಡು ಸಲ "ಸರಿ ಸಾರ್" ಎಂದದ್ದು ತುಟಿಯ ಚಲನೆಯಲ್ಲೇ ಗೊತ್ತಾಯಿತು. ತಿರುಗಿ ಬಂದು ತನುಜಳ ಎದುರಿಗೆ ನಿಂತ.

"ಮಾಲಾ ಓದಿರೋ ಹುಡುಗಿ. ಬಿ.ಎ. ಮಾಡಿದಾಳೆ. ಅವಳು ಮಾತಾಡಿದ್ರೆ ಪೇಪರಿನೋರು ಕೇಳ್ತಾರೆ. ಉಳಿದ ನಾಲ್ವರ ಮಾತು ಹೇಗೂ ಬರೆದಾಗಿದೆ. ಅವಳು ವಿಡಿಯೋದಲ್ಲಿ ಒಂದು ಮಾತು ಹೇಳಲಿ. ಕಾಡಿಗೆ ಹಚ್ಕೊಂಡಿದ್ದೆ, ಅದರಿಂದ ಆಯ್ತು ಅಂತ. ನೀವು ಆ ಚೀಲ ಇಲ್ಲೇ ಬಿಟ್ಟು ಹೋಗಿ. ಮರುಕ್ಷಣ ಬೂಷ್ಟಿನ ಹೆಸರು, ಔಷಧಿ ಹೆಸರು, ಎಲ್ಲಾ ನಿಮ್ಮ ಡಾಕ್ಟ್ರಿಗೆ ನಾನೇ ಹೇಳ್ತೀನಿ."

"ಹೀಗೆ ಬೆದರಿಸೋದಕ್ಕೂ ಒಂದು ಹೆಸರಿದೆ ಮುರಳಿಮೋಹನ್."

"ಇರಲಿ. ನಾನು ಕೆಟ್ಟೋನಲ್ಲ ಮೇಡಂ. ನನಗೂ ಇಬ್ಬರು ಹೆಣ್ಣುಮಕ್ಕಳಿದಾರೆ."

"ಅವರ ಮೇಲೆ ಆಣೆ ಇಡಿ, ಹೇಳ್ತೀನಿ ಅಂತ."

"ಆಣೆಗೂ ಹೇಳ್ತೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವಳ ಕೈಕಾಲು ಕಟ್ಟಿಹಾಕಿದ್ದು. ಸುಳ್ಳನಾಗಿದ್ದರೆ ಚೀಲ ಹಿಡಿದು ನಡೆದುಬಿಡಬಹುದಿತ್ತು. ಪೊಲೀಸು, ಕೋರ್ಟು, ವಿಶ್ವವಿದ್ಯಾಲಯದ ಲ್ಯಾಬು, ಎಲ್ಲ ಬಾಗಿಲೂ ತಟ್ಟಬಹುದು. ಅವು ತೆರೆಯುವಷ್ಟರಲ್ಲಿ ಮಾಲಾಳ ಕಣ್ಣು ಗಾಜಿನ ಬಾಟಲಿಯಲ್ಲಿರುತ್ತದೆ.

"ಮಾಲಾಗೆ ಹೇಳು ಅನ್ನಮ್ಮ," ಆವುಲಪ್ಪ ಹಿಂದಿನಿಂದ ಅಂದ. "ಕಣ್ಣಮ್ಮ ಅದು, ಕಣ್ಣು. ಮಾತು ಹೋದ್ರೆ ಹೋಗಲಿ."

ತನುಜ ಬಾನೆಟ್ಟಿನಿಂದ ಫೋನು ತೆಗೆದುಕೊಂಡು ವಿಡಿಯೋ ಕರೆ ಮಾಡಿದಳು. ಡ್ರೈವರ್ ಎಂಜಿನ್ ಆರಿಸಿದ. ಒಮ್ಮೆಗೇ ಹೊಲವೆಲ್ಲ ನಿಶ್ಶಬ್ದವಾಯಿತು.

ಮಾಲಾಳ ಅರ್ಧ ಮುಖ ಕಂಡಿತು. ಇನ್ನರ್ಧವನ್ನು ಹತ್ತಿ ಮುಚ್ಚಿತ್ತು.

"ಕಡ್ಡಿ ಸಿಕ್ತಾ ಅಕ್ಕ?"

"ಸಿಕ್ತು. ಔಷಧಿ ಗೊತ್ತಿರೋರೂ ಸಿಕ್ಕಿದಾರೆ. ಕೇಳು." ತನುಜ ಹೇಳಿದಳು. ಒಂದನ್ನೂ ಬಿಡಲಿಲ್ಲ, ಮುಚ್ಚಲಿಲ್ಲ.

"ಕಾಡಿಗೆ ಹಚ್ಕೊಂಡಿದ್ರೆ ಚೆನ್ನಾಗಾದ್ರೂ ಕಾಣ್ತಿದ್ದೆ," ಎಲ್ಲ ಕೇಳಿ ಮಾಲಾ ಅಂದಳು. "ಅಕ್ಕ, ಅವನು ಪಕ್ಕದಲ್ಲಿದಾನೆ ಅಂತ ಹೀಗೆ ಹೇಳ್ತಿದ್ದೀಯಾ, ಇಲ್ಲ ನೀನೇ ಹೇಳ್ತಿದ್ದೀಯಾ?"

"ನಾನೇ ಹೇಳ್ತಿದ್ದೀನಿ. ಒಂದು ಮಾತು ಮಾಲಾ, ಹೇಳಿಬಿಡು. ಕಣ್ಣು ಮೊದಲು."

"ರಾಮಲಕ್ಷ್ಮಮ್ಮತ್ತೆ ಗಂಡ ಹೋದ ಮೇಲೆ ಕನ್ನಡಿ ಸೈತ ನೋಡಿದೋರಲ್ಲ. ಅವರ ಮುಖಕ್ಕೂ ನಾನೇ ಕಾಡಿಗೆ ಬಳೀಲಾ?"

"ಅವರಿಗೆ ನಾನು ತಿಳಿಸಿ ಹೇಳ್ತೀನಿ."

"ಮುಂದಿನ ಬೆಳೆಗೆ ನನ್ನ ತಂಗಿ ಬರ್ತಾಳೆ ಆ ಹೊಲಕ್ಕೆ. ಅವಳಿಗಾದಾಗ ನನ್ನ ವಿಡಿಯೋ ತೋರಿಸ್ತಾರೆ. ನೋಡಮ್ಮ, ನಿಮ್ಮಕ್ಕನೇ ಹೇಳಿದಾಳೆ ಅಂತ."

"ಅದು ಸುಳ್ಳು ಅಂತ ಆಮೇಲೆ ನಾನು ಸಾಬೀತು ಮಾಡ್ತೀನಿ."

"ಯಾರ ಮುಂದೆ ಅಕ್ಕ? ಕುರ್ಚಿ ಹಾಕ್ಕೊಂಡು ಕೂತಿದ್ರಲ್ಲ, ಅವರ ಮುಂದೆನಾ?"

ತನುಜಳಿಗೆ ಹೊಳೆದದ್ದು ಆಪರೇಷನ್ ಕೋಣೆಯ ಬಾಗಿಲು ಮಾತ್ರ. "ನಾಳೆ ಬೆಳಗ್ಗೆ ತೆಗೀತಾರೆ ಮಾಲಾ. ನಾಳೆ. ನಾನು ಹೇಳಿದಂಗೆ ಕೇಳು. ಹೇಳು."

ಮುರಳಿಮೋಹನ್ ತನ್ನ ಫೋನನ್ನು ತನುಜಳ ಫೋನಿನ ಎದುರಿಗೆ ಹಿಡಿದ. "ಹೇಳಮ್ಮ. ರೆಕಾರ್ಡ್ ಆಗ್ತಿದೆ. ಹೇಳಿದ ತಕ್ಷಣ ನಾನು ಡಾಕ್ಟ್ರಿಗೆ ಫೋನ್ ಮಾಡ್ತೀನಿ."

"ಆಗ್ತಿದ್ಯಾ ಸಾರ್?"

"ಆಗ್ತಿದೆ."

ಪರದೆಯಲ್ಲಿ ಮಾಲಾಳ ಕೈ ಮೇಲೆದ್ದಿತು. ಹತ್ತಿಯ ಮೇಲಿನ ಪ್ಲಾಸ್ಟರನ್ನು ಒಂದೊಂದೇ ತುದಿಯಿಂದ ಬಿಡಿಸಿದಳು. ಹಿಂದಿನಿಂದ ಯಾರೋ ನರ್ಸು ಬೇಡ ಬೇಡ ಎಂದಳು. ಹತ್ತಿ ಜಾರಿತು. ಊದಿದ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು, ಕೆಂಪಗೆ ನೀರು ಸುರಿಯುವ, ನಡುವೆ ಬೆಳ್ಳಗೆ ಕಟ್ಟಿಕೊಂಡ ಕಣ್ಣನ್ನು ಫೋನಿನ ಹತ್ತಿರ ತಂದಳು.

"ನನ್ನ ಹೆಸರು ಮಾಲಾ. ತೆನೆಗಾರ ಕಂಪನಿ ಹೊಲದಲ್ಲಿ ತೆನೆ ಮುರೀತಿದ್ದೆ. ಕಂಪನಿಯೋರು ಒಂದು ಮಾತು ಹೇಳು, ಕಣ್ಣು ಉಳಿಸ್ತೀವಿ ಅಂತಿದಾರೆ. ನಮ್ಮ ತನುಜಕ್ಕನೂ ಹೇಳು ಅಂತಿದಾರೆ."

ಮುರಳಿಮೋಹನನ ಹೆಬ್ಬೆರಳು ರೆಕಾರ್ಡ್ ನಿಲ್ಲಿಸುವ ಗುಂಡಿಯನ್ನು ತಡಕಿತು.

"ಹೇಳಲ್ಲ," ಅಂದಳು ಮಾಲಾ.